ಹೊಸ ಚಿಕ್ಕ ಕಾರು, ಮ್ಯಾನುಯಲ್ ಗೇರ್: ಹುಡುಕುವಾಗ ಏನು ನೋಡಬೇಕು, ಓಡಿಸುವಾಗ ಏನು ತಿಳಿದಿರಬೇಕು?

ಹೊಸದಾರಿ

ಎಲ್ಲರಿಗೂ ನಮಸ್ಕಾರ. ಬಹಳ ವರ್ಷ ಓಡಿಸಿದ ಹಳೆಯ ಹ್ಯಾಚ್‌ಬ್ಯಾಕ್ ಅನ್ನು ಬದಲಾಯಿಸಿ, ಅದೇ ಗಾತ್ರದ ಹೊಸ ಪೆಟ್ರೋಲ್ ಕಾರೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಮ್ಯಾನುಯಲ್ ಗೇರಿನ ಕಾರೇ ಆಗಬೇಕೆಂಬ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಯಾವ ಗೇರಿನಲ್ಲಿ ಎಷ್ಟು ಹೊತ್ತು ಇರಬೇಕೆಂದು ಓಡಿಸುವವರೇ ನಿರ್ಧರಿಸುವ ಚಾಲನೆ ನನಗೆ ಇಷ್ಟ.

ಆದರೆ ಹುಡುಕಲು ಹೊರಟ ಮೇಲೆ ಮೂರು ತೊಡಕುಗಳು ಎದುರಾಗಿವೆ. ಮನಸ್ಸಿಗೆ ಹಿಡಿಸಿದ ಮಾದರಿಯಲ್ಲಿ ಮ್ಯಾನುಯಲ್ ಗೇರ್ ಕೆಳಗಿನ ವೇರಿಯಂಟ್‌ಗಳಿಗೆ ಮಾತ್ರ ಇದೆ. ಒಳ್ಳೆಯ ಸುರಕ್ಷಾ ಸೌಲಭ್ಯಗಳೆಲ್ಲ ಆಟೊಮ್ಯಾಟಿಕ್‌ನ ಜೊತೆಗೆ ಸೇರಿಕೊಂಡಿವೆ. ಟೆಸ್ಟ್ ಡ್ರೈವ್‌ಗೆ ಕೇಳಿದರೆ ಆಟೊಮ್ಯಾಟಿಕ್ ಕಾರನ್ನೇ ತಂದು ನಿಲ್ಲಿಸಿ, ಇಂಜಿನ್ ಒಂದೇ ಆದ್ದರಿಂದ ವ್ಯತ್ಯಾಸವೇನೂ ಇಲ್ಲ ಎನ್ನುತ್ತಾರೆ. ಕೊನೆಗೆ ಒಂದು ಕಡೆ ಮ್ಯಾನುಯಲ್ ಕಾರನ್ನೇ ಓಡಿಸಲು ಸಿಕ್ಕಾಗ, ಎರಡನೇ ಗೇರಿನಲ್ಲಿ ನಿಧಾನವಾಗಿ ಹೋಗುವಾಗ ಕಾರು ಮುಗ್ಗರಿಸಿದಂತಾಗಿ, ಆಕ್ಸಿಲರೇಟರ್ ಒತ್ತಿದ ಸ್ವಲ್ಪ ಹೊತ್ತಿನ ಮೇಲೆ ಒಮ್ಮೆಲೇ ಮುಂದಕ್ಕೆ ನುಗ್ಗಿತು. ನನ್ನ ಹಳೆಯ ಕಾರಿನಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಇದು ಆ ಕಾರಿನ ದೋಷವೋ, ಹೊಸ ಕಾರುಗಳ ಸ್ವಭಾವವೇ ಹೀಗೆಯೋ? ಮ್ಯಾನುಯಲ್ ಕಾರನ್ನು ಆರಿಸುವಾಗ ನಿಜವಾಗಿ ಪರೀಕ್ಷಿಸಬೇಕಾದದ್ದು ಏನು? ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಯಂತ್ರಾಸಕ್ತ

ನಿಮ್ಮ ಮೂರನೆಯ ತೊಡಕಿನಿಂದ, ಅಂದರೆ ಟೆಸ್ಟ್ ಡ್ರೈವ್‌ನಿಂದಲೇ ಆರಂಭಿಸುತ್ತೇನೆ. ಮ್ಯಾನುಯಲ್ ಕಾರು ಕೊಳ್ಳುವವರು ಗೇರ್ ಲಿವರ್ ಎಷ್ಟು ನಯವಾಗಿ ಬೀಳುತ್ತದೆ ಎಂಬುದನ್ನು ನೋಡುತ್ತಾರೆ. ಆ ಗೇರಿನ ಹಿಂದಿರುವ ಇಂಜಿನ್ 1000ದಿಂದ 2000 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ನಡುವೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡುವವರು ಕಡಿಮೆ. ಕಾರು ದಿನನಿತ್ಯ ಹಿತವಾಗಿರುತ್ತದೋ ದಣಿಸುತ್ತದೋ ಎಂಬುದು ಬಹುಪಾಲು ನಿರ್ಧಾರವಾಗುವುದು ಈ ಎರಡನೆಯದರಿಂದ.

ನೀವು ಓಡಿಸಿದ್ದು ಒಂದು ಲೀಟರ್ ಆಸುಪಾಸಿನ, ಮೂರು ಸಿಲಿಂಡರಿನ ಟರ್ಬೊ ಇಂಜಿನ್ (ಹೊರಹೋಗುವ ಹೊಗೆಯ ಬಲದಿಂದ ಹೆಚ್ಚು ಗಾಳಿಯನ್ನು ಒಳಗೆ ತುಂಬಿಸಿಕೊಳ್ಳುವಂಥದ್ದು) ಇರಬೇಕೆಂದು ಊಹಿಸುತ್ತೇನೆ. ಇಂತಹ ಇಂಜಿನ್‌ಗಳು ಸಾಮಾನ್ಯವಾಗಿ 1500ರಿಂದ 2000 ಆರ್‌ಪಿಎಂ ಮುಟ್ಟಿದ ಮೇಲೆ ತಮ್ಮ ಪೂರ್ಣ ಟಾರ್ಕ್ (ತಿರುಗಿಸುವ ಬಲ) ಕೊಡುತ್ತವೆ; ಅದಕ್ಕಿಂತ ಕೆಳಗೆ ಟರ್ಬೊವನ್ನು ತಿರುಗಿಸಲು ಬೇಕಾದಷ್ಟು ಹೊಗೆಯ ಒತ್ತಡವೇ ಇರುವುದಿಲ್ಲವಾದ್ದರಿಂದ, ಆ ಹೊತ್ತಿಗೆ ನಿಮ್ಮ ಕೈಯಲ್ಲಿರುವುದು ಟರ್ಬೊ ಇಲ್ಲದ ಒಂದು ಪುಟ್ಟ ಇಂಜಿನ್ ಅಷ್ಟೆ. ಚಿಕ್ಕ ಕಾರು ಎರಡನೇ ಗೇರಿನಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವಾಗ ಇಂಜಿನ್ ಸುಮಾರು ಸಾವಿರ ಆರ್‌ಪಿಎಂನಲ್ಲೇ ತಿರುಗುತ್ತಿರುತ್ತದೆ. ಅಲ್ಲಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಟರ್ಬೊ ಎಚ್ಚರಗೊಂಡು ಕಾರು ನುಗ್ಗುತ್ತದೆ. ನಿಮಗಾದ ಅನುಭವ ಇದೇ. ದೋಷವೆನ್ನಲಾಗದು, ಆದರೆ ಎಲ್ಲ ಕಾರುಗಳಲ್ಲಿ ಇದು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ.

ಇದೇ ಕಾರಣಕ್ಕೆ ಆಟೊಮ್ಯಾಟಿಕ್ ಕಾರಿನ ಟೆಸ್ಟ್ ಡ್ರೈವ್‌ನಿಂದ ಮ್ಯಾನುಯಲ್ ಕಾರಿನ ಬಗ್ಗೆ ಏನನ್ನೂ ತಿಳಿಯಲಾಗದು. ಕ್ಲಚ್ಚಿನ ಬದಲು ದ್ರವದ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಕಾರು ಹೊರಡುವಾಗ ಆ ಕನ್ವರ್ಟರ್ ಇಂಜಿನ್ನಿನ ಟಾರ್ಕನ್ನು ಹೆಚ್ಚಿಸಿ ಚಕ್ರಕ್ಕೆ ಕೊಡುತ್ತದೆ, ಜೊತೆಗೆ ಇಂಜಿನ್ ವೇಗ ಬೇಗ ಏರಲು ಬಿಡುತ್ತದೆ. ಬೇರೆ ಬೇರೆ ಗೇರುಗಳಿಲ್ಲದೆ ಅನುಪಾತವನ್ನು ಸತತವಾಗಿ ಬದಲಿಸುವ ಸಿವಿಟಿ ಆದರೆ ಇಂಜಿನ್ನನ್ನು ಬೇಕಾದ ಆರ್‌ಪಿಎಂನಲ್ಲಿ ಹಿಡಿದಿಡುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಇಂಜಿನ್ನಿಗಿರುವ ಬಡತನ ಎರಡರಲ್ಲೂ ಮುಚ್ಚಿಹೋಗುತ್ತದೆ. ಮ್ಯಾನುಯಲ್‌ನಲ್ಲಿ ನಿಮ್ಮ ಎಡಗಾಲು ಮತ್ತು ಇಂಜಿನ್ನಿನ ನಡುವೆ ಮುಚ್ಚುವಂಥದ್ದು ಏನೂ ಇಲ್ಲ. ಆದ್ದರಿಂದ ನೀವು ಕೊಳ್ಳಲಿರುವ ಇಂಜಿನ್, ನೀವು ಕೊಳ್ಳಲಿರುವ ಗೇರ್‌ಬಾಕ್ಸ್, ಇವೆರಡೂ ಕೂಡಿದ ಕಾರನ್ನೇ ಓಡಿಸಲು ಕೇಳಿ. ಕೊಡದಿದ್ದರೆ ಮುಂಗಡ ಕೊಡಬೇಡಿ.

ಓಡಿಸುವಾಗ ಖಾಲಿ ರಸ್ತೆಯಲ್ಲಿ ವೇಗವಾಗಿ ಹೋಗಿ ಬರುವುದರಿಂದ ಹೆಚ್ಚೇನೂ ತಿಳಿಯದು. ಸಮತಟ್ಟಾದ ಜಾಗದಲ್ಲಿ ಮೊದಲ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚನ್ನು ನಿಧಾನವಾಗಿ ಪೂರ್ತಿ ಬಿಡಿ. ಕಾರು ಅದುರದೆ, ಆಫ್ ಆಗದೆ, ನಡಿಗೆಯ ವೇಗದಲ್ಲಿ ತಾನಾಗಿ ಸಾಗಬೇಕು. ನಂತರ ರಸ್ತೆ ಉಬ್ಬು ದಾಟಿ ಎರಡನೇ ಗೇರಿನಲ್ಲೇ ವೇಗ ಹೆಚ್ಚಿಸಿ ನೋಡಿ. ಒಂದು ದಿಬ್ಬದ ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ. ಸಾಧ್ಯವಾದರೆ ನಾಲ್ವರನ್ನು ಕೂರಿಸಿಕೊಂಡು, ಏಸಿ ಹಾಕಿ ಇದನ್ನೇ ಮತ್ತೊಮ್ಮೆ ಮಾಡಿ, ಏಕೆಂದರೆ ಚಿಕ್ಕ ಇಂಜಿನ್ನಿಗೆ ಏಸಿ ಕಂಪ್ರೆಸರಿನ ಭಾರವೂ ಗಮನಕ್ಕೆ ಬರುವಷ್ಟಿರುತ್ತದೆ. ಇಷ್ಟು ಮಾಡಿದರೆ ಆ ಕಾರಿನೊಂದಿಗೆ ನೀವು ಬಾಳಬಲ್ಲಿರೋ ಇಲ್ಲವೋ ಎಂಬುದು ಸ್ಪಷ್ಟವಾಗುತ್ತದೆ.

ದೂರಪಯಣ

ಮೇಲಿನ ಮಾತುಗಳಿಗೆ ನನ್ನ ಪೂರ್ಣ ಸಹಮತವಿದೆ. ಹುಡುಕಾಟದ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ.

ಚಿಕ್ಕ ಕಾರುಗಳಲ್ಲಿ ಮ್ಯಾನುಯಲ್ ಗೇರ್ ಎರಡು ತುದಿಗಳಲ್ಲಿ ಉಳಿಯುತ್ತಿದೆ, ನಡುವೆ ಖಾಲಿಯಾಗುತ್ತಿದೆ. ಒಂದು ತುದಿಯಲ್ಲಿ ಸುಜುಕಿ ಸ್ವಿಫ್ಟ್, ಹ್ಯುಂಡೈ ಐ10 ಮತ್ತು ಐ20, ಡಾಸಿಯಾ ಸ್ಯಾಂಡೆರೊ ಮುಂತಾದ, ಕೈಗೆಟುಕುವಂತೆ ತಯಾರಿಸಿದ ಕಾರುಗಳಿವೆ. ಇನ್ನೊಂದು ತುದಿಯಲ್ಲಿ ಟೊಯೋಟಾ ಜಿಆರ್ ಯಾರಿಸ್‌ನಂತಹ, ಚಾಲನೆಯ ಖುಷಿಗೆಂದೇ ಮಾಡಿದ ಕಾರುಗಳಿವೆ. ಅದು 2020ರಲ್ಲಿ ಬಂದಾಗ ಅದರ ಟರ್ಬೊ ರೂಪ ಆರು ಗೇರಿನ ಮ್ಯಾನುಯಲ್‌ನಲ್ಲಿ ಮಾತ್ರ ಸಿಗುತ್ತಿತ್ತು, 2024ರ ಪರಿಷ್ಕರಣೆಯಲ್ಲಿ ಎಂಟು ಗೇರಿನ ಆಟೊಮ್ಯಾಟಿಕ್ ಆಯ್ಕೆಯೂ ಸೇರಿತು. ನಡುವಿನ ಜಾಗ ಖಾಲಿಯಾಗಲು ಹೈಬ್ರಿಡ್ ಒಂದು ದೊಡ್ಡ ಕಾರಣ. ಯೂರೋಪಿಗೆ 2020ರಲ್ಲಿ ಬಂದ ಹೋಂಡಾ ಜಾಝ್ ಹೈಬ್ರಿಡ್ ರೂಪದಲ್ಲಿ ಮಾತ್ರ ಬಂದಿತು, ಅದರಲ್ಲಿ ಕ್ಲಚ್ ಪೆಡಲ್‌ಗೆ ಕೆಲಸವೇ ಇಲ್ಲ. ಚಾಲಕರ ಕಾರೆಂದು ಹೆಸರಾಗಿದ್ದ ಫೋರ್ಡ್ ಫಿಯೆಸ್ಟಾದ ತಯಾರಿಕೆ 2023ರಲ್ಲಿ ನಿಂತಿತು. 2024ರ ಮಿನಿ ಮತ್ತು ಅದೇ ವರ್ಷ ಪರಿಷ್ಕರಣೆಗೊಂಡ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಎರಡೂ ಮ್ಯಾನುಯಲ್ ಗೇರನ್ನು ಕೈಬಿಟ್ಟವು. ಇದನ್ನೆಲ್ಲ ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ಮೆಚ್ಚಿದ ಕಾರು ಈಗ ಮ್ಯಾನುಯಲ್‌ನಲ್ಲಿ ಸಿಗುತ್ತಿದ್ದರೆ ಮುಂದಿನ ಪರಿಷ್ಕರಣೆಗೆಂದು ಕಾಯುವುದು ಜಾಣತನವಲ್ಲ ಎಂಬುದನ್ನು ತಿಳಿಸಲು.

ಪಟ್ಟಿಗಳನ್ನು ಓದುವಾಗ ಒಂದು ಎಚ್ಚರಿಕೆ ಇರಲಿ. ಐಎಂಟಿ ಎಂಬ ಹೆಸರಿನಲ್ಲಿ ಹ್ಯುಂಡೈ ಮತ್ತು ಕಿಯಾ ಭಾರತದಲ್ಲಿ ತಂದದ್ದು ಕ್ಲಚ್ ಪೆಡಲ್ ಇಲ್ಲದ, ಗೇರನ್ನು ಮಾತ್ರ ಕೈಯಲ್ಲಿ ಬದಲಿಸುವ ವ್ಯವಸ್ಥೆಯನ್ನು. ಟೊಯೋಟಾದಲ್ಲಿ ಅದೇ ಅಕ್ಷರಗಳಿಗೆ ಕ್ಲಚ್ ಪೆಡಲ್ ಇರುವ, ಗೇರ್ ಇಳಿಸುವಾಗ ಇಂಜಿನ್ ವೇಗವನ್ನು ತಾನೇ ಹೊಂದಿಸಿಕೊಡುವ ಪೂರ್ಣ ಮ್ಯಾನುಯಲ್ ಎಂದರ್ಥ. ಹೆಸರು ನೋಡಿ ಬುಕ್ ಮಾಡದೆ ಕೆಳಗೆ ಬಗ್ಗಿ ಪೆಡಲ್ ಎಣಿಸಿರಿ.

ಸುರಕ್ಷಾ ಸೌಲಭ್ಯದ ವಿಷಯದಲ್ಲಿ ಯಾವುದು ಗೇರ್‌ಬಾಕ್ಸಿಗೆ ಸಂಬಂಧಿಸಿದ್ದು, ಯಾವುದು ಕಂಪನಿ ತನ್ನ ಅನುಕೂಲಕ್ಕೆ ಕಟ್ಟಿಹಾಕಿದ್ದು ಎಂದು ಬೇರ್ಪಡಿಸಿ ನೋಡಿ. ದಟ್ಟಣೆಯಲ್ಲಿ ತಾನೇ ನಿಂತು ತಾನೇ ಹೊರಡುವ ಕ್ರೂಸ್ ಕಂಟ್ರೋಲ್ ಮ್ಯಾನುಯಲ್‌ನಲ್ಲಿ ಬರಲು ಸಾಧ್ಯವಿಲ್ಲ. ತುರ್ತು ಸ್ವಯಂಚಾಲಿತ ಬ್ರೇಕ್ ಬರಬಹುದು. ಕಾರು ನಿಂತಾಗ ನೀವು ಕ್ಲಚ್ ಒತ್ತದಿದ್ದರೆ ಇಂಜಿನ್ ಆಫ್ ಆಗುತ್ತದೆ, ಅಷ್ಟೆ. ಏರ್‌ಬ್ಯಾಗ್, ಕಾರು ಹತೋಟಿ ತಪ್ಪಿ ಜಾರದಂತೆ ಹಿಡಿಯುವ ಸ್ಥಿರತಾ ನಿಯಂತ್ರಣ, ಏರಿನಲ್ಲಿ ಹೊರಡುವಾಗ ಹಿಂದಕ್ಕೆ ಸರಿಯದಂತೆ ತಡೆಯುವ ಹಿಲ್ ಹೋಲ್ಡ್ ಇವು ಮೂರೂ ಮ್ಯಾನುಯಲ್‌ನಲ್ಲಿ ಇರಲು ಯಾವ ಅಡ್ಡಿಯೂ ಇಲ್ಲ. ಇವಿಲ್ಲದ ವೇರಿಯಂಟನ್ನು ಗೇರಿನ ಆಸೆಗಾಗಿ ಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಧಾನಗಾಮಿ

ಸ್ವಲ್ಪ ಬೇರೆ ದನಿಯಲ್ಲಿ ಮಾತಾಡುತ್ತೇನೆ, ಬೇಸರಿಸಬಾರದು. ದಿನವೂ ದಟ್ಟಣೆಯಲ್ಲಿ ಓಡಾಡುವವರಿಗೆ ಎಎಂಟಿ ಒಳ್ಳೆಯ ನಡುದಾರಿಯಲ್ಲವೇ? ಒಳಗಿರುವುದು ಅದೇ ಮ್ಯಾನುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಬೇಕೆಂದಾಗ ಲಿವರನ್ನು ಪಕ್ಕಕ್ಕೆ ಸರಿಸಿ ನಾವೇ ಗೇರ್ ಬದಲಿಸಬಹುದು. ಮೊಣಕಾಲು ನೋವಿನಿಂದ ಬಳಲುವ ನನ್ನಂತಹವರಿಗೆ ಇದು ದೊಡ್ಡ ಉಪಕಾರ. ಮ್ಯಾನುಯಲ್ ಎಂಬುದನ್ನು ಅಷ್ಟು ಹಟದಿಂದ ಹಿಡಿದುಕೊಳ್ಳುವ ಅಗತ್ಯವಿದೆಯೇ ಎಂಬುದು ನನ್ನ ಪ್ರಾಮಾಣಿಕ ಪ್ರಶ್ನೆ.

ಯಂತ್ರಾಸಕ್ತ

ನಿಧಾನಗಾಮಿಯವರೇ, ಮೊಣಕಾಲು ನೋವಿದ್ದರೆ ಎಡ ಪೆಡಲ್ ಇಲ್ಲದ ಕಾರೇ ಸರಿ. ಅದರಲ್ಲಿ ವಾದಕ್ಕೆ ಅವಕಾಶವೇ ಇಲ್ಲ. ಆದರೆ ಮ್ಯಾನುಯಲ್ ಬೇಕೆನ್ನುವವರಿಗೆ ಎಎಂಟಿ ನಡುದಾರಿಯಾಗುವುದಿಲ್ಲ. ಗೇರ್ ಬದಲಿಸುವ ಆಜ್ಞೆ ಕೊಡುವುದು ಒಂದು ಭಾಗ ಮಾತ್ರ. ಕ್ಲಚ್ ಎಷ್ಟು ಬೇಗ, ಎಷ್ಟು ಮೆಲ್ಲಗೆ ಸೇರಬೇಕೆಂದು ನಿರ್ಧರಿಸುವುದರಲ್ಲೇ ಚಾಲನೆಯ ಹಿಡಿತ ಇರುವುದು. ಒದ್ದೆಯಾದ ಏರಿನಲ್ಲಿ, ಕಲ್ಲುಮಣ್ಣಿನ ದಾರಿಯಲ್ಲಿ, ಇಕ್ಕಟ್ಟಾದ ಜಾಗದಲ್ಲಿ ಗೋಡೆಯ ಪಕ್ಕಕ್ಕೆ ಹಿಂದೆ ತರುವಾಗ, ಹಾಫ್ ಕ್ಲಚ್ಚಿನಲ್ಲಿ (ಪೆಡಲನ್ನು ಅರ್ಧ ಮಾತ್ರ ಬಿಟ್ಟು) ಕಾರನ್ನು ಅಂಗುಲ ಅಂಗುಲವಾಗಿ ಸರಿಸುವ ಆ ಹತೋಟಿಯನ್ನು ಎಎಂಟಿ ಅಂದಾಜಿನ ಮೇಲೆ ಮಾಡುತ್ತದೆ. ಅದು ಕಾಣುವುದು ಬೋನೆಟ್ಟಿನ ಒಳಗಿನ ಸ್ಥಿತಿಯನ್ನು. ಎದುರಿನ ತಿರುವು ಅದಕ್ಕೆ ಕಾಣುವುದಿಲ್ಲ. ತಿರುವಿಗೆ ಮುಂಚೆಯೇ ಗೇರ್ ಇಳಿಸಿ ಸಿದ್ಧವಾಗಿರುವುದು ಚಾಲಕನಿಂದ ಮಾತ್ರ ಆಗುವ ಕೆಲಸ.

ನಿಧಾನಗಾಮಿ

ಒಪ್ಪಿದೆ. ನನ್ನ ಅನುಕೂಲ ಬೇರೆ, ಅವರ ಅಗತ್ಯ ಬೇರೆ. ಹಾಗಿದ್ದರೆ ಕೂರುವ ಭಂಗಿಯ ಬಗ್ಗೆಯೂ ಯಾರಾದರೂ ಹೇಳಬೇಕು. ನನ್ನ ಮೊಣಕಾಲಿಗೆ ಅದನ್ನು ಗಮನಿಸದೆ ಕಳೆದ ವರ್ಷಗಳ ಪಾಲೂ ಇದೆ ಎಂದು ವೈದ್ಯರು ಹೇಳಿದ್ದರು.

ದೂರಪಯಣ

ಇದು ಮುಖ್ಯವಾದ ಮಾತು. ಕ್ಲಚ್ಚನ್ನು ನೆಲದವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿಕೊಂಡಿರಬೇಕು, ಸೊಂಟ ಸೀಟಿನಿಂದ ಜಾರಬಾರದು. ಸೀಟನ್ನು ಹಾಗೆ ಹೊಂದಿಸಿದ ಮೇಲೆ ಸ್ಟಿಯರಿಂಗ್ ಕೈಗೆ ಹತ್ತಿರವಾಗಬೇಕು. ಇಲ್ಲಿಯೇ ಹಲವು ಚಿಕ್ಕ ಕಾರುಗಳು ಸೋಲುತ್ತವೆ, ಏಕೆಂದರೆ ಅವುಗಳ ಸ್ಟಿಯರಿಂಗ್ ಮೇಲೆ ಕೆಳಗೆ ಸರಿಯುತ್ತದೆಯೇ ಹೊರತು ಮುಂದೆ ಹಿಂದೆ ಸರಿಯುವುದಿಲ್ಲ. ಕಾಲು ಉದ್ದವಿರುವವರು ಆಗ ಕಾಲಿಗೆ ಸರಿಯಾಗಿ ಕೂತು ಕೈ ಚಾಚಬೇಕು, ಇಲ್ಲವೇ ಕೈಗೆ ಸರಿಯಾಗಿ ಕೂತು ಮೊಣಕಾಲು ಎತ್ತಬೇಕು. ಎಡಗಾಲಿಗೆ ವಿಶ್ರಾಂತಿ ಕೊಡುವ ಡೆಡ್ ಪೆಡಲ್ ಇದೆಯೇ ಎಂದೂ ನೋಡಿ. ಅದಿಲ್ಲದಿದ್ದರೆ ಪಾದ ಕ್ಲಚ್ಚಿನ ಮೇಲೆಯೇ ಒರಗಿರುತ್ತದೆ, ಮತ್ತು ಆ ಸಣ್ಣ ಭಾರವೇ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗನ್ನು ಸವೆಸುತ್ತದೆ.

ಹೊಸದಾರಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲೇ ಎರಡು ಕಾರುಗಳನ್ನು ಓಡಿಸಿ ನೋಡಿದೆ. ಒಂದು ಟರ್ಬೊ, ಆರು ಗೇರು; ಇನ್ನೊಂದು ಟರ್ಬೊ ಇಲ್ಲದ 1.2 ಲೀಟರ್, ಐದು ಗೇರು. ಕಾಗದದ ಮೇಲೆ ಮೊದಲನೆಯದು ಎಲ್ಲದರಲ್ಲೂ ಮುಂದಿದೆ. ಆದರೆ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟಾಗ ಅದು ಅದುರಿ ನಿಂತೇಹೋಯಿತು. ಎರಡನೆಯದು ಸದ್ದಿಲ್ಲದೆ ಸಾಗಿತು. ದಿಬ್ಬದಲ್ಲಿಯೂ ಎರಡನೆಯದನ್ನು ಹೊರಡಿಸುವುದು ಸುಲಭವಾಗಿತ್ತು. ಐದೇ ಗೇರ್ ಇರುವುದು ಹೆದ್ದಾರಿಯಲ್ಲಿ ಕೊರತೆಯಾಗುವುದೇ?

ಇನ್ನೊಂದು ವಿಚಿತ್ರವನ್ನು ಎರಡೂ ಕಾರುಗಳಲ್ಲಿ ಕಂಡೆ. ಮೊದಲ ಗೇರಿನಿಂದ ಎರಡನೆಯದಕ್ಕೆ ಬದಲಿಸುವಾಗ ಕಾಲು ತೆಗೆದರೂ ಆರ್‌ಪಿಎಂ ಮುಳ್ಳು ಕೂಡಲೇ ಇಳಿಯದೆ ಅಲ್ಲೇ ತೂಗಾಡುತ್ತಿತ್ತು; ನಾನು ಅಭ್ಯಾಸದಂತೆ ಬೇಗ ಕ್ಲಚ್ ಬಿಟ್ಟಾಗ ಕಾರು ಜರ್ಕ್ ಹೊಡೆಯಿತು.

ಯಂತ್ರಾಸಕ್ತ

ಆರನೇ ಗೇರ್ ಇದ್ದರೆ ಹೆದ್ದಾರಿಯಲ್ಲಿ ಇಂಜಿನ್ ನಿಧಾನವಾಗಿ ತಿರುಗಿಯೇ ತಿರುಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಆರು ಗೇರುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಆದ್ದರಿಂದ ಗೇರುಗಳ ಸಂಖ್ಯೆಯನ್ನು ಬಿಟ್ಟು, ಗಂಟೆಗೆ 100 ಕಿ.ಮೀ. ವೇಗದಲ್ಲಿ ಕೊನೆಯ ಗೇರಿನಲ್ಲಿ ಮುಳ್ಳು ಎಲ್ಲಿರುತ್ತದೆ ಎಂಬುದನ್ನು ನೋಡಿ. ಟರ್ಬೊ ಇಲ್ಲದ ಚಿಕ್ಕ ಪೆಟ್ರೋಲ್ ಕಾರಿನಲ್ಲಿ ಅದು 2500ರಿಂದ 3000ದ ನಡುವೆ ಇದ್ದರೆ ನಿಶ್ಚಿಂತೆಯಿಂದ ಇರಬಹುದು. ಇಂತಹ ಇಂಜಿನ್ ದೊಡ್ಡ ವಾಹನವನ್ನು ಹಿಂದೆ ಹಾಕುವಾಗ ಮೂರನೇ ಗೇರಿಗೆ ಇಳಿಯಲು ಕೇಳುತ್ತದೆ. ಇಳಿಸಿ, ನಾಲ್ಕು ಸಾವಿರ ದಾಟಿ ಓಡಲು ಬಿಡಿ. ಇಂಜಿನ್ ಕೂಗಿತೆಂದು ಹೆದರಬೇಕಾಗಿಲ್ಲ, ಅದನ್ನು ಹಾಗೆ ದುಡಿಯಲೆಂದೇ ಮಾಡಿರುತ್ತಾರೆ.

ಮುಳ್ಳು ತೂಗಾಡುವುದಕ್ಕೆ ಕಾರಣವಿದೆ. ಹಳೆಯ ಕಾರಿನಲ್ಲಿ ಆಕ್ಸಿಲರೇಟರಿನಿಂದ ಇಂಜಿನ್ನಿಗೆ ನೇರ ಕೇಬಲ್ ಇತ್ತು. ಈಗ ಪೆಡಲ್ ಕೊಡುವುದು ಬರೀ ಸಂಕೇತವನ್ನು. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲನ್ನು ಎಷ್ಟು ಬೇಗ ಮುಚ್ಚಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಒಮ್ಮೆಲೇ ಮುಚ್ಚಿದರೆ ಹೊಗೆಯ ಮಾಲಿನ್ಯ ಏರುತ್ತದೆಂದು ಅದು ನಿಧಾನವಾಗಿ ಮುಚ್ಚುತ್ತದೆ. ಇದರ ಜೊತೆಗೆ ಕೆಲವು ಕಾರುಗಳಲ್ಲಿ ಇಂಜಿನ್ನಿನೊಂದಿಗೆ ತಿರುಗುವ ಫ್ಲೈವೀಲ್ ಎಂಬ ಚಕ್ರ ಭಾರವಾಗಿಯೂ ಇರುತ್ತದೆ. ಹಳೆಯ ಲಯದಲ್ಲಿ ಗೇರ್ ಬದಲಿಸಿದರೆ ಜರ್ಕ್ ಬರುವುದು ಸಹಜ. ಆಕ್ಸಿಲರೇಟರಿನಿಂದ ಕಾಲನ್ನು ಕ್ಲಚ್ಚಿಗಿಂತ ಕೂದಲೆಳೆಯಷ್ಟು ಮುಂಚೆ ತೆಗೆಯಿರಿ, ನ್ಯೂಟ್ರಲ್ ದಾಟುವಾಗ ಕೈಯನ್ನು ಅವಸರಿಸಬೇಡಿ, ಕ್ಲಚ್ ಹಿಡಿಯುವ ಬಿಂದುವಿನಲ್ಲಿ ಕ್ಷಣ ಹೊತ್ತು ಪಾದವನ್ನು ತಡೆದು ಬಿಡಿ. ಸ್ವಲ್ಪ ದಿನಗಳಲ್ಲಿ ಕಾಲಿಗೆ ಹೊಸ ಲಯ ಹತ್ತುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಗಮನಿಸಬೇಕಾದ ವಿಷಯಗಳ ಪೈಕಿ ಇದೂ ಒಂದು, ಏಕೆಂದರೆ ಕೆಲವು ಕಾರುಗಳಲ್ಲಿ ಇದು ಕಿರಿಕಿರಿಯಾಗುವಷ್ಟು ಇರುತ್ತದೆ ಮತ್ತು ಆಮೇಲೆ ಅದನ್ನು ಸರಿಪಡಿಸಲು ಸುಲಭವಾದ ದಾರಿ ಇರುವುದಿಲ್ಲ.

ಟರ್ಬೊ ಕಾರನ್ನೇ ಕೊಂಡವರಿಗೂ ಒಂದು ಮಾತು. ಮೈಲೇಜ್ ಉಳಿಸಲೆಂದು ಮೇಲಿನ ಗೇರಿನಲ್ಲಿ 1200 ಆರ್‌ಪಿಎಂನಲ್ಲೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎಳೆಸಬೇಡಿ. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಟರ್ಬೊ ಇಂಜಿನ್‌ಗಳಲ್ಲಿ, ಕಡಿಮೆ ವೇಗದಲ್ಲಿ ಹೆಚ್ಚು ಭಾರ ಬಿದ್ದಾಗ ಸ್ಪಾರ್ಕ್ ಬರುವ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ಅದು ಪಿಸ್ಟನ್ನಿಗೆ ಪೆಟ್ಟು ಕೊಡಬಲ್ಲದು. ಒಂದು ಗೇರ್ ಇಳಿಸಿ ಆಮೇಲೆ ಒತ್ತಿ.

ಘಾಟಿರಸ್ತೆ

ಇಳಿಜಾರಿನ ಬಗ್ಗೆ ಯಾರೂ ಮಾತಾಡಿಲ್ಲವೆಂದು ಬರೆಯುತ್ತಿದ್ದೇನೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ಗೆ ಹಾಕಿ ಇಳಿಯುವವರನ್ನು ಇಂದಿಗೂ ಕಾಣುತ್ತೇನೆ. ಕಾರ್ಬ್ಯುರೇಟರ್ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. ಇಂದಿನ ಕಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜಿನ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ, ಏಕೆಂದರೆ ಚಕ್ರಗಳೇ ಅದನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದಿರೋ, ಆಫ್ ಆಗದಂತೆ ತಿರುಗಲು ಅದು ಮತ್ತೆ ಪೆಟ್ರೋಲ್ ಕುಡಿಯಲಾರಂಭಿಸುತ್ತದೆ. ಮೇಲಾಗಿ ಕಾರಿನ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುವುದು ಹೀಗೆಯೇ. ಇಳಿಯಲು ಆರಂಭಿಸುವ ಮುಂಚೆಯೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ, ಬ್ರೇಕನ್ನು ಆಗಾಗ ಒತ್ತಿ ಬಿಡಿ.

ನಿಧಾನಗಾಮಿ

ಆದರೆ ಬ್ರೇಕ್ ಪ್ಯಾಡ್ ಬದಲಿಸುವುದು ಅಗ್ಗ, ಕ್ಲಚ್ ಬದಲಿಸುವುದು ದುಬಾರಿ. ವೇಗ ತಗ್ಗಿಸಲು ಗೇರನ್ನೇ ಬಳಸಿದರೆ ಕ್ಲಚ್ ಬೇಗ ಸವೆಯುವುದಿಲ್ಲವೇ?

ಘಾಟಿರಸ್ತೆ

ಸಿಗ್ನಲ್ಲಿಗೆ ಬಂದು ನಿಲ್ಲುವಾಗ ಪ್ರತಿಯೊಂದು ಗೇರನ್ನೂ ಇಳಿಸುತ್ತಾ ಬರುವ ಅಗತ್ಯವಿಲ್ಲ. ಅಲ್ಲಿ ಬ್ರೇಕ್ ಒತ್ತಿ, ಇಂಜಿನ್ ತಡವರಿಸುವ ಮುಂಚೆ ಕ್ಲಚ್ ಒತ್ತಿದರೆ ಸಾಕು. ನಿಮ್ಮ ಲೆಕ್ಕ ಅಲ್ಲಿಗೆ ಸರಿ. ಇಳಿಜಾರಿನಲ್ಲಿ ಒಮ್ಮೆ ಕೆಳಗಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟ ಮೇಲೆ ಪ್ಲೇಟು ಜಾರುತ್ತಿರುವುದಿಲ್ಲ, ಜಾರದಿದ್ದರೆ ಸವೆತವೂ ಇಲ್ಲ. ಸವೆಯುವುದು ಗೇರ್ ಇಳಿಸುವ ಆ ಒಂದು ಕ್ಷಣದಲ್ಲಿ, ಇಂಜಿನ್ನಿನ ವೇಗವನ್ನು ಮೇಲೇರಿಸುವ ಕೆಲಸ ಕ್ಲಚ್ ಪ್ಲೇಟಿನ ಮೇಲೆ ಬಿದ್ದಾಗ. ಕ್ಲಚ್ ಒತ್ತಿರುವಾಗ ಆಕ್ಸಿಲರೇಟರನ್ನು ಚಿಕ್ಕದಾಗಿ ಮುಟ್ಟಿ ಇಂಜಿನ್ನನ್ನು ಹೊಸ ಗೇರಿನ ವೇಗಕ್ಕೆ ಏರಿಸಿ ಬಿಟ್ಟರೆ ಆ ಸವೆತವೂ ಬಹುಮಟ್ಟಿಗೆ ತಪ್ಪುತ್ತದೆ, ಕಾರಿನಲ್ಲಿ ಕೂತವರ ತಲೆಯೂ ಮುಂದಕ್ಕೆ ತೂಗುವುದಿಲ್ಲ. ಕ್ಲಚ್ಚನ್ನು ನಿಜವಾಗಿ ಕೊಲ್ಲುವುದು ಏರಿನಲ್ಲಿ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್ಚಿನ ಮೇಲೆಯೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ.

ಹೊಸದಾರಿ

ಟರ್ಬೊ ಇಲ್ಲದ ಐದು ಗೇರಿನ ಕಾರನ್ನೇ ಕೊಂಡೆ. ಆರು ಏರ್‌ಬ್ಯಾಗ್, ಸ್ಥಿರತಾ ನಿಯಂತ್ರಣ, ಹಿಲ್ ಹೋಲ್ಡ್ ಇವೆ; ತಾನೇ ನಿಂತು ಹೊರಡುವ ಕ್ರೂಸ್ ಕಂಟ್ರೋಲ್ ಇಲ್ಲ, ಅದರ ಕೊರತೆ ಕಾಣುತ್ತಿಲ್ಲ. ಕೈಪಿಡಿಯಲ್ಲಿ ಮೊದಲ 1000 ಕಿ.ಮೀ. ಇಂಜಿನ್ನಿಗೆ ಪೂರ್ಣ ಭಾರ ಹಾಕಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು ಎಂದಿದೆ, ಹಾಗೆಯೇ ಪಾಲಿಸುತ್ತಿದ್ದೇನೆ. ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ ಆ ಇಂಜಿನ್ ತಡೆಯಿಲ್ಲದೆ ಏರುವ ರೀತಿ ನನಗೆ ತುಂಬ ಸಂತೋಷ ಕೊಟ್ಟಿದೆ.

ಒಂದೇ ಸಂದೇಹ ಉಳಿದಿದೆ. ಮುಂದಕ್ಕೆ ಹೋಗುವ ಗೇರುಗಳೆಲ್ಲ ಬೆಣ್ಣೆಯಂತೆ ಬೀಳುತ್ತವೆ, ಆದರೆ ರಿವರ್ಸ್ ಹಾಕುವಾಗ ಕೆಲವೊಮ್ಮೆ ಕರ್ರೆಂಬ ಸದ್ದು ಬರುತ್ತದೆ. ಸರ್ವಿಸ್‌ಗೆ ತೋರಿಸಬೇಕೇ?

ಯಂತ್ರಾಸಕ್ತ

ಅಭಿನಂದನೆಗಳು. ಗೇರುಗಳ ವೇಗವನ್ನು ಮೊದಲು ಸರಿಸಮ ಮಾಡಿ ಆಮೇಲೆ ಜೋಡಿಸುವ ಸಿಂಕ್ರೊಮೆಶ್ ವ್ಯವಸ್ಥೆಯನ್ನು 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ತಂದರು. ಈಗ ಮುಂದಿನ ಗೇರುಗಳಿಗೆಲ್ಲ ಅದು ಇದ್ದೇ ಇರುತ್ತದೆ. ರಿವರ್ಸ್‌ಗೆ ಮಾತ್ರ ಹಲವು ಚಿಕ್ಕ ಕಾರುಗಳಲ್ಲಿ ಅದನ್ನು ಕೊಟ್ಟಿರುವುದಿಲ್ಲ. ಕ್ಲಚ್ ಒತ್ತಿದ ಮೇಲೂ ಗೇರ್‌ಬಾಕ್ಸಿನ ಒಳಗಿನ ಶಾಫ್ಟ್ ಕ್ಷಣ ಹೊತ್ತು ತಿರುಗುತ್ತಲೇ ಇರುತ್ತದೆ; ಆ ತಿರುಗುವ ಹಲ್ಲುಗಳಿಗೆ ರಿವರ್ಸಿನ ಹಲ್ಲು ತಾಗಿದಾಗ ಬರುವ ಸದ್ದು ಅದು.

ಕಾರು ಪೂರ್ತಿ ನಿಂತ ಮೇಲೆ ಕ್ಲಚ್ ನೆಲದವರೆಗೆ ಒತ್ತಿ, ಎರಡು ಮೂರು ಸೆಕೆಂಡು ತಡೆದು ರಿವರ್ಸ್ ಹಾಕಿ. ಅವಸರವಿದ್ದರೆ ಕ್ಲಚ್ ಒತ್ತಿಕೊಂಡೇ ಮೊದಲು ಎರಡನೇ ಗೇರಿಗೆ ಹಾಕಿ. ಅದರ ಸಿಂಕ್ರೊಮೆಶ್ ಆ ಶಾಫ್ಟನ್ನು ನಿಲ್ಲಿಸುತ್ತದೆ, ಅಲ್ಲಿಂದ ರಿವರ್ಸ್‌ಗೆ ಎಳೆಯಿರಿ. ಹೀಗೆ ಮಾಡಿದ ಮೇಲೂ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲವೆಂದು ಅರ್ಥ. ಪೆಡಲಿನ ಕೆಳಗೆ ಮ್ಯಾಟ್ ಮಡಚಿಕೊಂಡು ಅಡ್ಡ ಬರುತ್ತಿದೆಯೇ ಎಂದು ಮೊದಲು ನೋಡಿ, ಹೊಸ ಕಾರುಗಳಲ್ಲಿ ಇದು ಆಗುವುದುಂಟು. ಅದಲ್ಲದಿದ್ದರೆ ವಾರಂಟಿಯಲ್ಲೇ ತೋರಿಸಿ ಸರಿಪಡಿಸಿಕೊಳ್ಳಿ.